ಇಲ್ಲದ ಸಾಲು ಹುಡುಕಿದ ಪಟ್ಟಿ

ನಾನು ಒಂದು ಸಾಗವಾನಿ ಪಟ್ಟಿ. ವಿಜಯಪುರದ ಓಣಿಯೊಂದರಲ್ಲಿ, ಬಾಗಿಲು ಮಾಡಿ ಉಳಿದ ತುಂಡಿನಿಂದ ಬಡಿಗೇರ ಮೌನೇಶಪ್ಪ ನನ್ನನ್ನು ಹೆರೆದು ತೆಗೆದ. ಮೈಮೇಲೆ ಅಂಕಿಯಿಲ್ಲ, ಗೆರೆಯಿಲ್ಲ. ನೆಟ್ಟಗಿರುವುದೊಂದೇ ನನ್ನ ವಿದ್ಯೆ. ಅದರ ಸೊಕ್ಕೂ ನನಗುಂಟು.

ಕೆಲವು ವರ್ಷ ಚೌಕಟ್ಟುಗಳ ಸೊಟ್ಟು ಹಿಡಿದೆ. ಆಮೇಲೆ ಎಂ.ಎ. ಓದುವ ಅವನ ಮಗಳು ಕಸ್ತೂರಿ ನನ್ನನ್ನು ಎತ್ತಿಕೊಂಡು ಕಾಲೇಜಿಗೆ ನಡೆದಳು. ತಮ್ಮ ಓಣಿಯ ಹಳೆಯ ಬಾವಡಿ, ಅಂದರೆ ಮೆಟ್ಟಿಲು ಬಾವಿಯ ಮೇಲೆ ಅವಳ ಸಂಶೋಧನಾ ಪ್ರಬಂಧ. ಕರಡು ತಿದ್ದುವಾಗ ನನ್ನನ್ನು ಸಾಲಿನ ಕೆಳಗಿಟ್ಟು ಓದುವಳು. ಆ ಸಾಲು ಸರಿಹೋಗುವವರೆಗೆ ನಾನು ಕೆಳಗೆ ಜಾರುವಂತಿಲ್ಲ.

ಅಕ್ಷರ ತಿದ್ದಿ ಮುಗಿಸಿ ಅಡಿಟಿಪ್ಪಣಿಗಳಿಗೆ ಬಂದೆವು. ಬಾವಡಿಯನ್ನು ಒಬ್ಬ ಜಹಗೀರದಾರ ಕಟ್ಟಿಸಿದನೆಂದು ಅವಳ ಮಾರ್ಗದರ್ಶಕ ಹಂಚಿನಾಳ ಸರ್ ಹಿಂದೆ ಬರೆದಿದ್ದರು, ಆಧಾರವೆಂದು ಹಳೆಯ ಪುಸ್ತಕವೊಂದರ ಪುಟ ಕೊಟ್ಟಿದ್ದರು. ಅವರ ಶಿಷ್ಯರೆಲ್ಲ ಆ ಪುಸ್ತಕವನ್ನು ತೆರೆದೂ ನೋಡದೆ ಅದೇ ಪುಟ ನಕಲಿಸಿ ಪಾಸಾಗಿದ್ದರು. ಕುರಿಮಂದೆ! ಕಸ್ತೂರಿ ಗ್ರಂಥಾಲಯದಲ್ಲಿ ಪುಸ್ತಕ ತೆಗೆಸಿದಳು. ಜಹಗೀರದಾರನ ಸುಳಿವೇ ಇಲ್ಲ. ಓಣಿಯವರೇ ಸೇರಿ ತೋಡಿದರು ಎಂದಿತ್ತು. ಸಿಟ್ಟಿನಿಂದ ನನ್ನನ್ನೂ ಪುಸ್ತಕವನ್ನೂ ಎತ್ತಿಕೊಂಡು ಸರ್ ಕೋಣೆಗೆ ನಡೆದಳು.

ಆದರೆ ಸರ್ ಸಹಿಯಿಲ್ಲದೆ ಪ್ರಬಂಧ ಸಲ್ಲಿಸುವಂತಿರಲಿಲ್ಲ.

“ಸರ್, ನೀವ್ ಬರದಿದ್ದು ಈ ಪುಟದಾಗ ಇಲ್ರಿ.”

“ಎಲ್ಲಾರೂ ಹಂಗ ಹಾಕ್ಯಾರವ್ವಾ. ನೀನೂ ಹಾಕು, ಸಹಿ ಮಾಡ್ತೀನಿ.”

ಅವಳು ಪುಸ್ತಕ ಬಿಚ್ಚಿ ನನ್ನನ್ನು ಸಾಲಿನ ಕೆಳಗಿಟ್ಟಳು. “ತೋಡಿದವ್ರು ನಮ್ಮ ಓಣಿ ಮಂದಿ ರೀ. ಅವರ ಬಾವಡೀನ ಇಲ್ಲದ ಜಹಗೀರದಾರಗ ನಾ ಹ್ಯಾಂಗ ಕೊಡ್ಲಿ?”

ಸರ್ ನನ್ನನ್ನು ಮೇಜಿನಿಂದ ಕೆಳಕ್ಕೆ ತಳ್ಳಿದರು. ನನ್ನ ಮೂಲೆ ಮುಕ್ಕಾಯಿತು. ಸಹಿ ಬೀಳಲಿಲ್ಲ, ಅವಳಿಗೆ ಒಂದು ವರ್ಷ ಹಾಳಾಯಿತು. ಮರುವರ್ಷ ಬೇರೆ ಮಾರ್ಗದರ್ಶಕರನ್ನು ಹಿಡಿದು ಅದೇ ಪ್ರಬಂಧ ಸಲ್ಲಿಸಿದಳು. ಅಡಿಟಿಪ್ಪಣಿಯಲ್ಲಿ ಹಂಚಿನಾಳರ ಹೆಸರು ಹಾಕಿಯೇ ತಪ್ಪು ತೋರಿಸಿದಳು.

ಈಗ ನನಗೆ ವಯಸ್ಸಾಗಿದೆ. ಅವಳು ನನ್ನನ್ನು ಬಿಟ್ಟುಹೋದ ಗ್ರಂಥಾಲಯದ ಮೇಜಿನ ಮೇಲೆ, ಓದುವವರ ಕೈಗೆ ಸಿಗುವಂತೆ ಬಿದ್ದಿದ್ದೇನೆ. ನಿವೃತ್ತರಾದ ಹಂಚಿನಾಳ ಸರ್ ಮೊನ್ನೆ ಬಂದು ಅದೇ ಪುಸ್ತಕ ತರಿಸಿದರು. ಗುರುತಿಲ್ಲದೆ ನನ್ನನ್ನೇ ಎತ್ತಿ ಸಾಲಿನ ಕೆಳಗಿಟ್ಟು ಓದಿದರು. ಹಿಂದಿನ ಪುಟ ನೋಡಿದರು, ಮುಂದಿನದೂ ನೋಡಿದರು.

“ಇಲ್ಲೇ ಎಲ್ಲೋ ಇರಬೇಕಲ್ಲ” ಎಂದು ಗೊಣಗಿದರು.

ಹುಡುಕಲಿ. ರಟ್ಟು ಮುಟ್ಟುವವರೆಗೂ ಹುಡುಕಲಿ. ಪ್ರತಿ ಸಾಲಿಗೂ ನೆಟ್ಟಗೆ ನಿಲ್ಲುತ್ತೇನೆ. ಇಲ್ಲದ ಸಾಲನ್ನು ಮಾತ್ರ ಅವರಪ್ಪ ಬಂದರೂ ತೋರಿಸುವುದಿಲ್ಲ.