ಅಟ್ಟದಲ್ಲಿ ನೇತುಹಾಕಿದ ತೊಗಲು

ನಮ್ಮ ಯಜಮಾನರು ಎಲ್ಲಿ ಕೂತರೂ ಎಡಕ್ಕೆ ವಾಲಿಕೊಂಡೇ ಕೂರುತ್ತಿದ್ದರು. ಉಣ್ಣುವಾಗಲೂ ಅಷ್ಟೆ, ಬೀಗರ ಮನೆಯ ಚಾಪೆಯ ಮೇಲೂ ಅಷ್ಟೆ. ಬಲಸೊಂಟದಲ್ಲಿ ಚೂರಿ. ಅದಕ್ಕೆ ಒರೆ ಇರಲಿಲ್ಲ, ಹಳೇ ಪಂಚೆಯ ತುಂಡು ಸುತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ಎರಡು ಸಲ ತೊಡೆ ಗೀರಿತು. ಆದರೂ ಒರೆ ಆಗಲಿಲ್ಲ. ಗಂಡನ ಹೆಸರು ಹೇಳಬಾರದಂತೆ. ನಾನು ಬರೆಯುತ್ತೇನೆ: ದೊಡ್ಡಮಾದಪ್ಪ, ಅಜ್ಜೀಪುರದವರು. ಸತ್ತು ಎರಡು ವರ್ಷವಾಯಿತು. ನನಗಿನ್ನೂ ಕೋಪ ಇಳಿದಿಲ್ಲ.

ಚೂರಿ ಒಳ್ಳೆಯದೇ. ಹಿಪ್ಪುನೇರಳೆ ಕಡ್ಡಿ ಒಂದೇ ಏಟಿಗೆ ಬೀಳುತ್ತಿತ್ತು. ರೇಷ್ಮೆಹುಳಕ್ಕೆ ದಿನಾ ಸೊಪ್ಪು ಬೇಕು, ದಿನಾ ಸೊಂಟದಲ್ಲಿ ಚೂರಿ. ಮೊದಮೊದಲು ತೊಗಲಿನ ಒರೆಯೇ ಬೇಡವೆಂದರು.

"ಲಿಂಗ ಕಟ್ಟಿರೋ ಮೈಗೆ ತೊಗ್ಲು ಕಟ್ಟಾದಾ?"

"ಕಾಲಲ್ಲಿ ಮೆಟ್ಕಂಡಿರಾದೇನು, ಬಾಳೆಪಟ್ಟೆಯಾ?" ಅಂದೆ.

ಮೂರು ದಿನ ನನ್ನೊಡನೆ ಮಾತಿಲ್ಲ. ನಾಲ್ಕನೇ ದಿನ ಚೂರಿ ತೆಗೆದುಕೊಂಡು ಹನೂರಿಗೆ ಹೊರಟರು. ಸಂತೆಗೆಂದು ನಾನೂ ಜೊತೆಗೆ ಹೋದೆ. ಅಲ್ಲಿ ಮೆಟ್ಟು ಹೊಲಿಯುವ ಮುತ್ತಯ್ಯ ಅಲಗನ್ನು ತಿರುಗಿಸಿ ನೋಡಿದ.

"ಚೂರಿ ಇಲ್ಲೇ ಬುಟ್ಟೋಗಿ ಬುದ್ಧಿ. ನೆನೆದ ತೊಗ್ಲು ಅಲಗಿನ ಮ್ಯಾಲೇ ಒಣಗ್ಬೇಕು. ನಾಡಿದ್ದು ಬನ್ನಿ."

"ನಮ್ಮಪ್ಪನ ಕೈ ಚೂರಿ ಇದು. ಎಲ್ಡು ದಿನ ಇನ್ನೊಬ್ಬನ ತಾವ ಬುಡಾದಾ?"

"ನಾನೇನು ತಿನ್ನಾಕಿಲ್ಲ ಬುದ್ಧಿ."

ನಾನು ನಕ್ಕುಬಿಟ್ಟೆ. ಅದೇ ತಪ್ಪಾಯಿತು. ಒಂದು ತುಂಡು ತೊಗಲು ಮಾತ್ರ ಕೊಂಡು ಎದ್ದರು. ದಾರಿಯುದ್ದಕ್ಕೂ ಒಂದೇ ಮಾತು: "ನಾನೇ ಒಲಿತೀನಿ. ಅದೇನು ಬ್ರಹ್ಮವಿದ್ಯೆಯಾ?"

ತೊಗಲು ನೆನೆಸಿದರು. ಚೂರಿಯನ್ನು ಮೇಲೆ ಮಲಗಿಸಿ, ಇದ್ದಲಿನಲ್ಲಿ ಸುತ್ತ ಗೆರೆ ಎಳೆದು, ಆ ಗೆರೆಯ ಮೇಲೇ ಕೊಯ್ದರು. ಅಲಗಿಗೆ ದಪ್ಪವೂ ಇದೆ, ಹೊಲಿಗೆಗೆ ಅಂಚೂ ಬಿಡಬೇಕು. ರವಿಕೆ ಹೊಲಿಯುವ ನನಗೆ ಅದು ಗೊತ್ತು. ಹೇಳಿದೆ.

"ನಿನ್ನ ರವಿಕೆ ಅಲ್ಲ ಕಣಮ್ಮಿ ಇದು" ಅಂದರು.

ಹೊಲಿದ ಮೇಲೆ ಚೂರಿಯ ಮೊನೆ ಮಾತ್ರ ಒಳಗೆ ಹೋಯಿತು. ಎರಡನೇ ತುಂಡೂ ಹಾಗೇ ಹಾಳಾಯಿತು. ಮೂರನೆಯದನ್ನು ತಂದು ಅಟ್ಟದಲ್ಲಿ ನೇತುಹಾಕಿದರು. ಮುತ್ತಯ್ಯನಿಗೆ ಕೊಡಿ ಅಂದಾಗಲೆಲ್ಲ, "ಈ ಬೆಳೆ ಗೂಡು ಕಟ್ಲಿ, ಆಮೇಲೆ ಒಲಿತೀನಿ" ಅನ್ನುವರು. ಒಂದು ಬೆಳೆಯ ಗೂಡು ಬಿಡಿಸುವಷ್ಟರಲ್ಲಿ ಇನ್ನೊಂದು ಬೆಳೆಯ ಮರಿ ಬರುತ್ತಿತ್ತು. ನಾಲ್ಕು ವರ್ಷ ಕಳೆಯಿತು. ತೊಗಲು ಹಲಗೆಯಾಯಿತು.

ಅರವತ್ತೊಂಬತ್ತನೇ ಇಸವಿಯ ಶ್ರಾವಣದಲ್ಲಿ ಸೊಪ್ಪಿನ ಹೊರೆ ಹೊತ್ತು ಹಳ್ಳ ದಾಟುವಾಗ ಜಾರಿದರು. ಚೂರಿ ಪಂಚೆಯ ತುಂಡನ್ನು ಸೀಳಿಕೊಂಡು ತೊಡೆಯ ಸಂದಿಗೆ ಇಳಿಯಿತು. ಗಾಡಿ ಹೂಡಿ ಹನೂರಿನ ಆಸ್ಪತ್ರೆಗೆ ಹೊರಟೆವು. ಅರ್ಧ ದಾರಿಯಲ್ಲಿ ಕಣ್ಣು ಬಿಟ್ಟು, "ಚೂರಿ ತಕಂಡ್ಯಾ?" ಅಂದರು. ಅದೇ ಕೊನೆಯ ಮಾತು. ಅವರ ರಕ್ತ ನನ್ನ ಮಡಿಲಲ್ಲಿತ್ತು, ಅವರು ಚೂರಿಯನ್ನು ಕೇಳಿದರು.

ಮಣ್ಣಿಗೆ ಬಂದವರೆಲ್ಲ ಹಣೆಬರಹ ಅಂದರು. ಮೈದುನ ಸದಾಶಿವಪ್ಪನೂ ಅಂದ.

"ಅಣೇಲಿ ಏನೂ ಬರ್ದಿರ್ಲಿಲ್ಲ ಕಣಪ್ಪ. ಅಟ್ಟದಲ್ಲಿ ನೇತಾಡ್ತದೆ, ಓಗಿ ನೋಡು" ಅಂದೆ.

ತಿಂಗಳು ಕಳೆದ ಮೇಲೆ ನಾನೇ ಚೂರಿಯನ್ನು ಮುತ್ತಯ್ಯನ ಬಳಿ ಬಿಟ್ಟು ಬಂದೆ. ಎರಡೇ ದಿನ. ತಲೆಕೆಳಗೆ ಹಿಡಿದರೂ ಒರೆಯಿಂದ ಜಾರುವುದಿಲ್ಲ. ಈಗ ಸೊಪ್ಪಿಗೆ ನಾನೇ ಹೋಗುತ್ತೇನೆ. ಸೊಂಟಕ್ಕೆ ಕಟ್ಟಿಕೊಂಡು ಬದುವಿನ ಮೇಲೆ ನೆಟ್ಟಗೆ ಕೂರುತ್ತೇನೆ.

ಇಂಥ ಗಂಡಸರು ಎಲ್ಲ ಊರಲ್ಲೂ ಇದ್ದಾರೆ. ಬಾರದ ಕೆಲಸವನ್ನು ಬಾರದು ಅನ್ನಲಾರರು, ಬಲ್ಲವನ ಕೈಗೂ ಕೊಡಲಾರರು. ಅವರೊಡನೆ ಬಾಳುವವಳು ಅವರನ್ನು ಕೇಳಬಾರದು. ಅವರು ಬೈದರೂ ಸರಿ, ಮೂರು ತಿಂಗಳು ಮಾತು ಬಿಟ್ಟರೂ ಸರಿ, ಮಾಡಿಸಿಬಿಡಬೇಕು. ನಾನು ನಾಲ್ಕು ವರ್ಷ ಹೇಳುತ್ತಾ ಕೂತೆ.