ತಳವಿಲ್ಲದ ಬಂಪರ್

ಭಾನುವಾರ ಬೆಳಿಗ್ಗೆ ಕೂಕಟ್‌ಪಲ್ಲಿಯ ಮನೆಯಂಗಳಕ್ಕೆ ಅಮರೇಶಪ್ಪನ ಕೆಂಪು ಕಾರು ಬಂದು ನಿಂತಾಗ ಗುರುಸಿದ್ದಪ್ಪ ಹಲ್ಲುಜ್ಜುತ್ತಿದ್ದ. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತಿದ್ದ ಆ ಸ್ಪೋರ್ಟ್ಸ್ ಕಾರನ್ನು ಅವನ ಹೆಂಡತಿಯ ತಮ್ಮನಾದ ಅಮರೇಶಪ್ಪ ಮುಂಬಯಿಯಿಂದ ಸೆಕೆಂಡ್ ಹ್ಯಾಂಡ್ ತರಿಸಿದ್ದ. ಕಾಚಿಗೂಡದಲ್ಲಿ ಅಮರೇಶಪ್ಪನದು ಬಟ್ಟೆ ಅಂಗಡಿ. ಜೀವ ಮಾತ್ರ ಈ ಕಾರಿನಲ್ಲಿ. ಮುಂದಿನ ಭಾನುವಾರ ಊರಾಚೆಯ ಖಾಲಿ ರನ್‌ವೇ ಮೇಲೆ ಇಂಥ ಕಾರುಗಳ ಓಟವಿತ್ತು.

ಬಂದವನು ಚಹಾಕ್ಕೂ ಕಾಯದೆ ಭಾವನನ್ನು ಕಾರಿನ ಹಿಂದೆ ಕೂರಿಸಿ ವಿವರಿಸತೊಡಗಿದ. ಹಿಂದಿನ ಬಂಪರ್ ಒಳಗೆ ಬರೀ ಟೊಳ್ಳು, ಕೆಳಗಡೆ ಬಾಯಿ ತೆರೆದುಕೊಂಡಿದೆ. ಕಾರು ಜೋರಾಗಿ ಓಡುವಾಗ ಅಡಿಯಿಂದ ಬಂದ ಗಾಳಿ ಅದರೊಳಗೆ ಹೊಕ್ಕು, ಹೊರಬರಲು ದಾರಿಯಿಲ್ಲದೆ, ಕೊಡೆ ಬಿಚ್ಚಿ ಹಿಡಿದ ಹಾಗೆ ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ತೂತು ಕೊರೆದರೆ ಗಾಳಿ ಪಾರಾಗುತ್ತದೆ. ಆದರೆ ಎಲ್ಲಿ, ಎಷ್ಟು? ತಪ್ಪು ಜಾಗದಲ್ಲಿ ಕೊರೆದರೆ ಮುಗಿಯಿತು, ಇಂಥ ಇನ್ನೊಂದು ಬಂಪರ್ ಇಡೀ ಹೈದರಾಬಾದಿನಲ್ಲಿ ಸಿಗುವುದಿಲ್ಲ.

“ಗೆರಿ ನೀವು ಹಾಕಿಕೊಡ್ರಿ ಭಾವಾರ, ಡ್ರಿಲ್ ನಾ ಹಿಡೀತೀನಿ. ರಾಕೆಟ್ಟಿಗೇ ಗಾಳಿ ಲೆಕ್ಕ ಹಾಕವ್ರು ನೀವು. ಇದೇನ್ ಮಹಾ.”

ಗುರುಸಿದ್ದಪ್ಪನ ಬಾಯಲ್ಲಿ ಪೇಸ್ಟಿನ ನೊರೆ ಹಾಗೇ ನಿಂತಿತು.

ರಕ್ಷಣಾ ಇಲಾಖೆಯ ಕಾರ್ಖಾನೆಗೆ ಅವನು ಸೇರಿ ಇಪ್ಪತ್ತೆರಡು ವರ್ಷ. ಒಳಗಿನ ಮಾತು ಹೊರಗೆ ಆಡುವುದಿಲ್ಲವೆಂದು ಸೇರಿದ ದಿನವೇ ಸಹಿ ಹಾಕಿಸಿಕೊಂಡಿದ್ದರು. ಮನೆಯಲ್ಲೂ ಹೇಳಬಾರದೇ ಎಂದು ಅವನು ಕೇಳಲಿಲ್ಲ, ಯಾರೂ ಬಿಡಿಸಿ ಹೇಳಲೂ ಇಲ್ಲ. ಹಾಗಾಗಿ ಮದುವೆಯ ಹೊಸತರಲ್ಲಿ ಶಿವದೇವಿ ಏನು ಕೆಲಸವೆಂದು ಕೇಳಿದಾಗ ಹೇಳುವ ಹಾಗಿಲ್ಲ ಎಂದುಬಿಟ್ಟಿದ್ದ. ಆಕೆ ಅದನ್ನು ಗುಲಬರ್ಗಾದ ತವರಿನವರೆಗೆ ಮುಟ್ಟಿಸಿದಳು. ಹೇಳಬಾರದ ಕೆಲಸವೆಂದರೆ ದೊಡ್ಡದೇ, ರಾಕೆಟ್ಟಿನದೇ ಇರಬೇಕಲ್ಲ? ಕನ್ನಡ ಸಂಘದ ಊಟದಲ್ಲಿ ಮೊದಲ ಎಲೆ ಅವನಿಗೇ ಬೀಳತೊಡಗಿತು. ನೆಂಟರ ಮಕ್ಕಳು ವಿಜ್ಞಾನದ ಪುಸ್ತಕ ಹಿಡಿದು ಬಂದರೆ ತಲೆನೋವೆಂದು ಮಲಗಿಬಿಡುತ್ತಿದ್ದ.

ನಿಜಕ್ಕೂ ಅವನು ಮಾಡುತ್ತಿದ್ದುದು ಪೆಟ್ಟಿಗೆ. ಬಿಡಿಭಾಗಗಳನ್ನು ಅಲುಗಾಡದಂತೆ ಕೂರಿಸಿ ಕಳಿಸುವ ಕಟ್ಟಿಗೆಯ ಪೆಟ್ಟಿಗೆ. ಅದರೊಳಗೆ ಏನಿಡುತ್ತಾರೆಂದು ಅವನಿಗೂ ಗೊತ್ತಿರಲಿಲ್ಲ.

ಬಾಯಿ ತೊಳೆದು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದ. ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿ, ಮರದ ದಿಮ್ಮಿ ಕೊಟ್ಟು, ಅಂಗಾತ ಮಲಗಿ ತಲೆಯನ್ನು ಬಂಪರಿನ ಟೊಳ್ಳಿಗೆ ತೂರಿಸಿದ. ಒಳಗೆ ಕತ್ತಲು, ಧೂಳು, ಸುಟ್ಟ ಎಣ್ಣೆಯ ವಾಸನೆ. ಹೊರಗೆ ಶಿವದೇವಿ ಪಕ್ಕದ ಮನೆಯ ಅಂಬುಬಾಯಿಯನ್ನೂ ಕರೆತಂದು, ಈಗ ನೋಡ್ರಿ ಎನ್ನುತ್ತಿದ್ದಳು. ಡ್ರಿಲ್ ಒಮ್ಮೆ ಗುರ್ರೆಂದು ಸುಮ್ಮನಾಯಿತು. ಹೊಕ್ಕ ಗಾಳಿಗೆ ಹೊರಬರಲು ದಾರಿಯಿಲ್ಲವೆಂದಿದ್ದನಲ್ಲ ಅಮರೇಶಪ್ಪ, ಆ ಗಾಳಿಯ ಪಾಡು ಗುರುಸಿದ್ದಪ್ಪನಿಗೆ ಈಗ ಚೆನ್ನಾಗಿ ತಿಳಿಯಿತು. ಇಪ್ಪತ್ತು ವರ್ಷದ ಮರ್ಯಾದೆ ಒಂದು ತೂತಿನಲ್ಲಿ ಹೋಗುವುದಾದರೆ, ಬಾಯಿಂದಲೇ ಹೋಗಲಿ ಎಂದುಕೊಂಡು ತೆವಳಿ ಹೊರಬಂದ.

“ಅಮರೇಶಾ, ನನಗ ಗಾಳಿ ಲೆಕ್ಕ ಬರಂಗಿಲ್ಲಪ. ನಾ ಅಲ್ಲಿ ಕಟ್ಟಿಗಿ ಪೆಟ್ಟಿಗಿ ಮಾಡ್ತೀನಿ. ಬಡಿಗ್ಯಾನ ಕೆಲಸ.”

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನೋಡಿದಿ?” ಎಂದಳು ಶಿವದೇವಿ. ಅವಳ ದನಿ ಹೆಮ್ಮೆಯಿಂದ ತಗ್ಗಿತ್ತು. “ಇಪ್ಪತ್ತು ವರ್ಷ ಆತು, ನನ್ನ ಮುಂದೂ ಹಿಂಗ ಮುಚ್ಚತಾರ.”

“ಖರೇನ ಹೇಳಾಕತ್ತೀನಿ.”

“ಹೂನ್ರಿ ಭಾವಾರ, ಪೆಟ್ಟಿಗಿ,” ಎಂದು ಅಮರೇಶಪ್ಪ ಕಣ್ಣು ಹೊಡೆದ. “ಹೊರಗಿನವ್ರು ಅದಾರ, ತಿಳೀತು. ಗೆರಿ ಹಾಕ್ರಿ.”

ಅಂಬುಬಾಯಿ ಹೊರಗಿನವಳೆನಿಸಿಕೊಂಡು ಸೆರಗು ಸರಿಮಾಡಿಕೊಂಡಳು, ಆದರೆ ಎದ್ದು ಹೋಗಲಿಲ್ಲ.

ಗುರುಸಿದ್ದಪ್ಪ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಬಂಪರಿನ ಮೇಲೊಂದು ಸುತ್ತು ಬರೆದ. ಅಳಿಸಿದ. ಇನ್ನೊಂದು ಕಡೆ ಬರೆದ. ಅಮರೇಶಪ್ಪ ಡ್ರಿಲ್ಲಿನ ಮೊನೆಯನ್ನು ತಂದು ಅಲ್ಲಿಗೇ ಊರಿದ. ಇನ್ನು ಗುಂಡಿ ಒತ್ತುವುದಷ್ಟೇ ಬಾಕಿ. ಆ ಗಳಿಗೆಯಲ್ಲಿ ಗುರುಸಿದ್ದಪ್ಪನ ಕಣ್ಣಿಗೆ ಅದು ಬಂಪರಾಗಿ ಕಾಣುವುದು ನಿಂತುಹೋಯಿತು. ಮೂರು ಕಡೆ ಹಲಗೆ ಹೊಡೆದು ತಳ ಹಾಕುವುದನ್ನು ಯಾರೋ ಮರೆತ ಪೆಟ್ಟಿಗೆಯಂತೆ ಕಂಡಿತು.

“ತಡಿ. ತೂತು ಬ್ಯಾಡ,” ಎಂದ. “ತಳಾ ಹಾಕೋಣು. ಗಾಳಿ ಒಳಗ ಹೋದ್ರ ತಾನ ಸಿಕ್ಕೊಳ್ಳೋದು?”

ಅಮರೇಶಪ್ಪ ಡ್ರಿಲ್ ಕೆಳಗಿಟ್ಟ. ಗುರುಸಿದ್ದಪ್ಪ ಹಳೆಯ ರಟ್ಟು ಕತ್ತರಿಸಿ ಅಳತೆ ತೆಗೆದ. ಸನತ್‌ನಗರದ ಶೆಡ್ಡೊಂದರಿಂದ ಅಲ್ಯುಮಿನಿಯಂ ತಗಡು ತಂದು, ನಾಲ್ಕು ಸಂಜೆ ಕೂತು, ಸೈಲೆನ್ಸರಿನ ಸುತ್ತ ಜಾಗ ಬಿಟ್ಟು, ಅಂಚು ಮಡಿಸಿ ಸ್ಕ್ರೂ ಹಾಕಿ ಕೂರಿಸಿದ. ಬಂಪರಿಗೆ ದೊಡ್ಡ ಗಾಯವಾಗಲಿಲ್ಲ. ಊಹೆ ಸುಳ್ಳಾದರೆ ತಗಡು ಬಿಚ್ಚಿ ಎಸೆಯಬಹುದಿತ್ತು.

ಭಾನುವಾರ ಮಧ್ಯಾಹ್ನ ಅಮರೇಶಪ್ಪ ಹಾರ್ನ್ ಹೊಡೆಯುತ್ತಲೇ ಬಂದ. ಓಟದಲ್ಲಿ ಮೂರನೆಯವನಾಗಿ ಬಂದಿದ್ದನಂತೆ. ಮೊದಲು ಬಾಲ ಅಲ್ಲಾಡಿಸುತ್ತಿದ್ದ ಕಾರು ಈ ಸಲ ರಸ್ತೆಗೆ ಅಂಟಿಕೊಂಡಂತೆ ಓಡಿತಂತೆ. ಅದು ತಗಡಿನಿಂದಲೋ, ಹೊಸ ಟೈರಿನಿಂದಲೋ, ಗುರುಸಿದ್ದಪ್ಪನಿಗೆ ತಿಳಿಯಲಿಲ್ಲ. ಅವನು ನೋಡುತ್ತಿದ್ದುದು ಗೇಟಿನಾಚೆ ಸಾಲಾಗಿ ನಿಂತ, ಓಟಕ್ಕೆ ಬಂದಿದ್ದ ಇನ್ನೆರಡು ಕಾರುಗಳನ್ನು. ಅವುಗಳಿಂದ ಇಳಿದವರಲ್ಲಿ ಮಲ್ಲಪ್ಪನೆಂಬವನು ಕೈಮುಗಿದು, ಸಾಹೇಬರು ಯಾವ ವಿಭಾಗದಲ್ಲಿದ್ದಾರೆಂದು ವಿನಯದಿಂದ ಕೇಳಿದ.

“ಕೇಳಬ್ಯಾಡ್ರಿ,” ಎಂದಳು ಚಹಾದ ತಟ್ಟೆ ತಂದ ಶಿವದೇವಿ. “ಕೇಳಿದ್ರ ಪೆಟ್ಟಿಗಿ ಮಾಡ್ತೀನಿ ಅಂತಾರ.”

ಎಲ್ಲರೂ ನಕ್ಕರು. ಗುರುಸಿದ್ದಪ್ಪನೂ ನಗಬೇಕಾಯಿತು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಜಾಕಿನಿಂದ ಎತ್ತಿದ ಮಲ್ಲಪ್ಪನ ಕಾರಿನ ಕೆಳಗೆ ಅಂಗಾತ ಮಲಗಿ, ತಲೆಯನ್ನು ಟೊಳ್ಳಿಗೆ ತೂರಿಸಿ, ಟೇಪು ಕೊಡಿರೆಂದು ಒಂದು ಕೈ ಹೊರಗೆ ಚಾಚಿದ.