ನೀರೊ ಕಚ್ಚುವುದಿಲ್ಲ

ಸೊಕೋರ್ ತನ್ನ ಗೇಟಿನಲ್ಲಿ ನಿಂತು "ನಮ್ಮ ನೀರೊ ಕಚ್ಚಲ್ಲ" ಎನ್ನುತ್ತಿದ್ದಾಗ ನೀರೊನ ಬಾಯಲ್ಲಿ ಇನಾಸನ ಪ್ಯಾಂಟಿನ ಒಂದು ತುಂಡು ಇತ್ತು.

ಇನಾಸ್ ನಮ್ಮ ಕೇರಿಗೆ ಬ್ರೆಡ್ಡು ತರುವ ಪೊದೆರ್. ಬೆಳಿಗ್ಗೆ ಒಮ್ಮೆ, ಸಂಜೆ ಚಹಾದ ಹೊತ್ತಿಗೆ ಒಮ್ಮೆ, ಸೈಕಲ್ಲಿನ ಹಿಂದೆ ಪಾವು, ಪೊಯ್ ತುಂಬಿದ ದೊಡ್ಡ ಬುಟ್ಟಿ ಕಟ್ಟಿಕೊಂಡು, ರಬ್ಬರ್ ಹಾರ್ನ್ ಒತ್ತುತ್ತ ಬರುತ್ತಾನೆ. ಪೋಂಯ್ ಎಂದರೆ ಸಾಕು, ಎಲ್ಲ ಮನೆಗಳಿಂದಲೂ ಕೈಚೀಲಗಳು ಹೊರಬರುತ್ತವೆ. ಬೇಗ ಏಳಲಾಗದವರು ಹಿಂದಿನ ದಿನವೇ ಚೀಲವನ್ನು ಗೇಟಿಗೆ ನೇತುಹಾಕಿರುತ್ತಾರೆ. ಸೊಕೋರನ ಗೇಟಿಗೂ ಚೀಲ ನೇತುಬಿದ್ದಿತ್ತು. ಇನಾಸ್ ಅದಕ್ಕೆ ಪೊಯ್ ಹಾಕಲು ಬಗ್ಗಿದಾಗ ಇದು ಆಯಿತು.

"ಕಚ್ಚಲ್ವಾ? ಹಾಗಾದ್ರೆ ಇದೇನು, ಪಾತ್ರಾಂವ್?" ಯಜಮಾನರನ್ನೆಲ್ಲ ಪಾತ್ರಾಂವ್ ಎಂದೇ ಕರೆಯುವ ಇನಾಸ್ ಕಾಲು ಎತ್ತಿ ತೋರಿಸಿದ. ಮೀನಖಂಡದಲ್ಲಿ ಹಲ್ಲಿನ ಗುರುತು, ರಕ್ತ.

"ಆಡೋಕೆ ಬಂದಿದೆ ಅಷ್ಟೆ. ನೀನು ಹೆದರಿ ಕಾಲು ಎಳೆದೆ, ತಾಗಿತು."

"ಆಟ ಇರ್ಲಿ. ಲಸಿಕೆ ಹಾಕಿಸಿದ್ದೀರಾ?"

"ಹಾಕಿಸಿದ್ದೀನಿ. ಮರಿ ಇದ್ದಾಗ."

ನೀರೊನ ಮೂತಿಯ ಕೂದಲು ಆಗಲೇ ಬೆಳ್ಳಗಾಗಿತ್ತು.

ಎದುರುಮನೆ ನಮ್ಮದು. ಇನಾಸ್ ನಮ್ಮ ನಲ್ಲಿಯ ಕೆಳಗೆ ಕಾಲಿಟ್ಟು ಸೋಪು ಹಚ್ಚಿ ಬಹಳ ಹೊತ್ತು ತೊಳೆದ. ಇಂಜೆಕ್ಷನ್ ತೆಗೆದುಕೊಳ್ಳಲು ಆಸ್ಪತ್ರೆಗೆ ಹೋದ. ಮರುದಿನ ಅವನ ಹಾರ್ನ್ ಚರ್ಚಿನ ಆಚೆ ಕೇಳಿಸಿತು, ನಮ್ಮ ಕೇರಿಗೆ ಬರದೆ ಹಾಗೇ ದೂರ ಹೋಯಿತು.

ಸೊಕೋರ್ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು, ಈಗ ಮನೆಯಲ್ಲೇ ಇದ್ದಾನೆ. ದಿನಾ ಬೆಳಿಗ್ಗೆ ಗೇಟು ತೆರೆದು ನೀರೊನನ್ನು ತಿರುಗಾಡಲು ಬಿಡುತ್ತಿದ್ದ. ತಿರುಗಾಟ ಎಂದರೆ ಬೇರೆಯವರ ಗೇಟಿನ ಮುಂದೆ ಕೂತು ಎದ್ದು ಬರುವುದು. ನಾಯಿ ಯಾರದಾದರೂ ಸೈಕಲ್ ಅಟ್ಟಿಸಿಕೊಂಡು ಹೋದರೆ ಅವನಿಗೆ ನಗು. ಆ ನಗುವನ್ನು ನಾವೆಲ್ಲ ವರ್ಷಗಟ್ಟಲೆ ಸಹಿಸಿದ್ದೆವು. ಪಾವು ಇಲ್ಲದ ಚಹಾವನ್ನು ಸಹಿಸಲು ಆಗಲಿಲ್ಲ.

ಮೂಲೆಮನೆಯ ಪೆರ್ಪೆತ್ ಅವನ ಗೇಟಿನ ಹೊರಗೇ ನಿಂತು ಹೇಳಿದಳು. "ಸೊಕೋರ್, ಮುಂದಿನ ತಿಂಗಳು ಶಿಲುಬೆಯ ಲದಿನ್ ನಿನ್ನ ಸರದಿ ಅಲ್ವಾ?"

"ಹೌದು. ಪಿಟೀಲಿನವನಿಗೂ ಹೇಳಿಯಾಯ್ತು."

"ಪಿಟೀಲಿನವನೇ ಪ್ರಾರ್ಥನೆ ಹಾಡಿಕೊಳ್ಳಲಿ, ನೀನು ಹಂಚುವ ಬೇಯಿಸಿದ ಕಡಲೆಯನ್ನೂ ಅವನೇ ತಿನ್ನಲಿ. ಪೊದೆರ್ ಬಾರದ ಕೇರಿಯ ಲದಿನ್‌ಗೆ ನಾವು ಯಾರೂ ಬರಲ್ಲ."

ಲದಿನ್ ಎಂದರೆ ಕೇರಿಯ ತುದಿಯ ಶಿಲುಬೆಯ ಮುಂದೆ ಎಲ್ಲರೂ ಸೇರಿ ಹಾಡುವ ಪ್ರಾರ್ಥನೆ; ಅದಕ್ಕೆ ಜನ ಬಾರದಿದ್ದರೆ ನಮ್ಮಲ್ಲಿ ಮನುಷ್ಯ ಸತ್ತ ಮೇಲೂ ಆ ಮಾತು ಸಾಯುವುದಿಲ್ಲ. ಸೊಕೋರ್ ಅಂದೇ ನೀರೊನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ದನದ ಡಾಕ್ಟರ ಹತ್ತಿರ ಹೋದ. ಅಲ್ಲಿ ನಡೆದದ್ದನ್ನು ಅವನ ಹೆಂಡತಿ ಎರ್ಮೆಲಿನ್ ಸಂಜೆ ನಮಗೆ ವರದಿ ಮಾಡಿದಳು.

"ಡಾಕ್ಟರಮ್ಮ ಚಿಕ್ಕವಳು, ಆದರೆ ಇವರನ್ನ ಸರಿಯಾಗಿ ಬೈದಳು. ನಾಯಿ ಬೊಗಳುತ್ತೆ, ಪೊದೆರ್ ಹೋಗ್ತಾನೆ. ನಾನೇ ಓಡಿಸಿದೆ ಅಂತ ಅದು ದಿನಾ ಅಂದುಕೊಳ್ಳುತ್ತೆ. ನೀವು ಪಕ್ಕದಲ್ಲಿ ನಗ್ತಾ ನಿಂತರೆ ಶಭಾಷ್ ಅಂದ ಹಾಗೆ ಅಂದಳು. ಲಸಿಕೆ ವರ್ಷ ವರ್ಷ ಹಾಕಿಸಬೇಕಂತೆ. ಗೇಟಿಗೆ ಚಿಲಕ, ಹೊರಗೆ ಹೋದರೆ ಹಗ್ಗ."

"ಹಾರ್ನಿಗೆ ಏನು ಮದ್ದು?" ಪೆರ್ಪೆತ್ ಕೇಳಿದಳು.

"ಹಾರ್ನ್ ಒತ್ತಬೇಕು, ತಕ್ಷಣ ಕೋಳಿ ಈಲಿ ತಿನ್ನಿಸಬೇಕು. ಮೊದಲು ದೂರದಿಂದ, ಮೆಲ್ಲಗೆ."

ಮೆಲ್ಲಗೆ ಎನ್ನುವುದು ಸೊಕೋರನ ಸ್ವಭಾವದಲ್ಲಿಲ್ಲ. ಮಡಗಾಂವಿನಿಂದ ಇನಾಸನದಕ್ಕಿಂತ ದೊಡ್ಡ ಹಾರ್ನ್ ತಂದು, ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಂಗಳದಲ್ಲಿ ಒತ್ತಿದ. ಇಡೀ ಕೇರಿ ಚೀಲ ಹಿಡಿದು ಹೊರಗೆ ಬಂತು. ನಾನೂ ಹೋದೆ. ಪೆರ್ಪೆತ್ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದಿದ್ದಳು.

"ಪೊಯ್ ಎಲ್ಲಿ?"

"ಇದು ನಾಯಿಗೆ," ಎಂದ ಸೊಕೋರ್.

"ಚೆನ್ನಾಗಿದೆ. ನಮಗೆ ಒಣ ಬಿಸ್ಕತ್ತು, ನಾಯಿಗೆ ಹಾರ್ನ್ ಊದಿ ಊಟ."

ಆಮೇಲೆ ಅವನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹಾರ್ನ್ ಒತ್ತತೊಡಗಿದ. ನೀರೊ ಹಾರ್ನ್ ಕೇಳಿದರೆ ಬೊಗಳುವುದನ್ನು ಬಿಟ್ಟು ಅಡುಗೆಮನೆಗೆ ಓಡಲು ಕಲಿಯಿತು. ಅಷ್ಟಕ್ಕೇ ಸೊಕೋರ್ ತಾನು ಗೆದ್ದೆ ಎಂದುಕೊಂಡ. ಒಂದು ಬೆಳಿಗ್ಗೆ ನಮ್ಮ ಸೈಕಲ್ ಕೇಳಿ ಪಡೆದು, ಹಿಂದೆ ಮೀನಿನ ಬುಟ್ಟಿ ಕಟ್ಟಿ, ಟೋಪಿ ಹಾಕಿಕೊಂಡು ತಾನೇ ಪೊದೆರ್ ಆದ. ಎರ್ಮೆಲಿನ್ ಒಳಗೆ ಹಗ್ಗ ಹಿಡಿದು ನಿಂತಿದ್ದಳು.

"ಹಗ್ಗ ಬಿಡು," ಎಂದ ಸೊಕೋರ್. "ಚಿಲಕಾನೂ ತೆಗಿ. ನನ್ನ ನಾಯಿ ನನ್ನ ಮೇಲೆ ಬರುತ್ತಾ?"

"ಡಾಕ್ಟರ್ ಬೇಡ ಅಂದಿದ್ದಾಳೆ."

"ನಾಯಿ ಡಾಕ್ಟರದ್ದಾ, ನಂದಾ?"

ಎರ್ಮೆಲಿನ್ ಚಿಲಕ ತೆಗೆದು ಹಗ್ಗ ಬಿಟ್ಟಳು. ಅವಳು ಸ್ವಲ್ಪ ಬೇಗನೇ ಬಿಟ್ಟಳು ಎಂದು ನನಗೆ ಈಗಲೂ ಅನುಮಾನ.

ಸೊಕೋರ್ ಹಾರ್ನ್ ಒತ್ತುತ್ತ ಬಂದ. ನೀರೊ ಗೇಟಿನ ಹತ್ತಿರ ಕಿವಿ ಹಿಂದಕ್ಕೆ ಒತ್ತಿ, ಮೈ ಸೆಟೆಸಿ, ಮಿಸುಕದೆ ನಿಂತಿತ್ತು. ಬಾಲ ಅಲ್ಲಾಡುತ್ತಿರಲಿಲ್ಲ. ಸೊಕೋರ್ ಅದನ್ನು ಗಮನಿಸಲಿಲ್ಲ. ಚೀಲಕ್ಕೆ ಬಗ್ಗಿದ. ನೀರೊ ಬಂತು.

"ನಾನು ಕಣೋ, ನಾನು," ಎಂದು ಸೊಕೋರ್ ಸೈಕಲ್ ಸಮೇತ ಬಿದ್ದ. ವಾಸನೆ ಸಿಕ್ಕ ಮೇಲೆ ನೀರೊ ಬಿಟ್ಟಿತು. ಅಷ್ಟರಲ್ಲಿ ಹಲ್ಲು ಊರಿಯಾಗಿತ್ತು.

ಪೆರ್ಪೆತ್ ತನ್ನ ಗೋಡೆಯ ಮೇಲಿಂದ ಕೂಗಿದಳು. "ಹೆದರಬೇಡ ಸೊಕೋರ್, ಆಡೋಕೆ ಬಂದಿದೆ."

ನಾನು ಅವನ ಕಾಲು ತೊಳೆಸಿ ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಂಜೆಕ್ಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಇನಾಸ್ ಕೂತಿದ್ದ. ಅವನ ಇಂಜೆಕ್ಷನ್‌ಗಳಲ್ಲಿ ಅಂದು ಕೊನೆಯದು. ಸೊಕೋರನ ಹರಿದ ಪ್ಯಾಂಟನ್ನು ನೋಡಿ ಸರಿದು ಜಾಗ ಮಾಡಿದ.

"ಆಡಿತಾ, ಪಾತ್ರಾಂವ್?"

ಸೊಕೋರ್ ಅವನ ಪಕ್ಕದಲ್ಲಿ ಕೂತ. "ಕಚ್ಚಿತು," ಎಂದ.

"ಬಗ್ಗಿದಾಗಲಾ?"

"ಬಗ್ಗಿದಾಗಲೇ. ಮುಖ ಅಷ್ಟು ಹತ್ತಿರ ಇತ್ತು. ಮೂಗೇ ಹೋಗ್ತಿತ್ತು."

"ನನಗೂ ಅದೇ ಅನಿಸ್ತು. ಆಮೇಲೆ ನಿದ್ದೇನೂ ಬರಲಿಲ್ಲ."

"ನಿನಗೆ ಹೆದರ್ತೀಯ ಅಂದುಬಿಟ್ಟೆ. ತಪ್ಪಾಯ್ತು ಇನಾಸ್."

ನರ್ಸು ಕರೆದಳು, ಇನಾಸ್ ಒಳಗೆ ಹೋದ. ತೋಳು ಉಜ್ಜಿಕೊಳ್ಳುತ್ತ ಹೊರಗೆ ಬಂದು, "ಶಿಲುಬೆ ತನಕ ಬರ್ತೀನಿ. ನಾಯಿ ಹಗ್ಗದಲ್ಲಿ ಇರಬೇಕು. ಅದು ಸುಮ್ಮನಿದ್ದರೆ ಮರುದಿನ ಇನ್ನೊಂದು ಮನೆಯಷ್ಟು ಮುಂದಕ್ಕೆ" ಎಂದ.

ಕೇರಿಯ ಬಾಯಲ್ಲಿ ಆಮೇಲೆ ಅದೇ ಸುದ್ದಿ. ಪಾವು ಇವತ್ತು ಯಾರ ಮನೆ ತನಕ ಬಂತು? ಶಿಲುಬೆಯ ಹತ್ತಿರ ಹಾರ್ನ್ ಕೇಳಿದಾಗ ಎರ್ಮೆಲಿನ್ ಹಗ್ಗ ಹಿಡಿದು ಅಂಗಳದ ತುದಿಯಲ್ಲಿ ನಿಂತು ನೀರೊಗೆ ಈಲಿಯ ಚೂರು ಕೊಡುತ್ತಿದ್ದಳು. ಒಂದು ದಿನ ನೀರೊ ಗುರ್ ಎಂದಿತು, ಇನಾಸ್ ಎರಡು ಮನೆ ಹಿಂದೆ ಹೋದ. ಆ ಎರಡು ಮನೆಯವರು ಸೊಕೋರನಿಗೆ ಅಂದು ಸಂಜೆಯವರೆಗೂ ಮುಖ ಕೊಡಲಿಲ್ಲ. ಗೇಟಿನ ಚೀಲ ಎತ್ತರದ ಕಂಬಕ್ಕೆ ಹೋಯಿತು. ಗೇಟಿಗೆ ಒಂದು ಹಲಗೆಯೂ ಬಂತು, ಸೊಕೋರನ ಕೈಬರಹ: ನಾಯಿ ಇದೆ. ಕಚ್ಚುತ್ತದೆ.

ಲದಿನ್ ದಿನ ಬೆಳಿಗ್ಗೆ ಇನಾಸ್ ಆ ಗೇಟಿಗೆ ಬಂದ. ನಾವೆಲ್ಲ ನಮ್ಮ ನಮ್ಮ ಜಗಲಿಯಲ್ಲಿ ನಿಂತಿದ್ದೆವು. ಹಾರ್ನ್ ಒತ್ತಿದ. ನೀರೊ ಹಗ್ಗದ ತುದಿಯಲ್ಲಿ ಕುಳಿತು ಜೊಲ್ಲು ಸುರಿಸುತ್ತ ಎರ್ಮೆಲಿನಳ ಕೈಯನ್ನೇ ನೋಡಿತು. ಇನಾಸ್ ಚೀಲಕ್ಕೆ ಪೊಯ್ ಹಾಕಿದ. ಬಗ್ಗಬೇಕಾಗಿರಲಿಲ್ಲ.

"ಲದಿನ್‌ಗೆ ಪಾವು ಎಷ್ಟು ಬೇಕು, ಪಾತ್ರಾಂವ್?"

ಹಾರ್ನ್ ಕೇಳಿದ ಕೂಡಲೇ ಸೊಕೋರ್ ಜಗಲಿಯ ಮೇಲೆ ಹತ್ತಿ, ಎರಡೂ ಕಾಲು ಮಡಚಿ ಬೆಂಚಿನ ಮೇಲೆ ಕೂತುಬಿಟ್ಟಿದ್ದ.

"ಎಲ್ಲರಿಗೂ ಆಗುವಷ್ಟು ಕೊಡು," ಪೆರ್ಪೆತ್ ತನ್ನ ಗೋಡೆಯಾಚೆಯಿಂದ ಹೇಳಿದಳು. "ನಾವು ಬರ್ತೀವಿ. ಹಾಗೇ ಸೊಕೋರನಿಗೂ ಯಾರಾದರೂ ಒಂದು ಚೂರು ಈಲಿ ಕೊಡಿ."